ಸಮಭಾಗದ ಪಂಚಲೋಹ

ಗಂಟೆಯ ನಾದವನ್ನು ಕೇಳಿದೊಡನೆ ಓಡಿಬಂದು ಸಾಲಾಗಿ ನಿಲ್ಲುತ್ತಿದ್ದ ನಮ್ಮಲ್ಲಿ, ಆ ಗಂಟೆಯು ಯಾವ ಲೋಹದ್ದೆಂದು ವಿಚಾರಿಸಿದವರು ವಿರಳ. ಗಂಟೆಯ ಕಂಚಿನಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ತಾಮ್ರ, ಉಳಿದುದು ತವರ. ಹಿತ್ತಾಳೆಯ ಕೊಡದಲ್ಲಿಯೂ ತಾಮ್ರವೇ ಯಜಮಾನ, ಸತುವು ಸಹಾಯಕ ಮಾತ್ರ. ವಿಗ್ರಹಗಳ ಪಂಚಲೋಹದಲ್ಲಿಯೂ ಐದು ಹೆಸರುಗಳಿದ್ದರೂ ತಾಮ್ರವೇ ಅಧಿಕ. ಒಂದನ್ನು ಮುಖ್ಯವಾಗಿಟ್ಟು ಉಳಿದವನ್ನು ಉಪ್ಪುಖಾರದಂತೆ ಬೆರೆಸುವ ಈ ಪದ್ಧತಿಯು ಸಾವಿರಾರು ವರ್ಷಗಳಿಂದ ನಡೆದುಬಂದಿತು.

ಹಲವು ಲೋಹಗಳನ್ನು ಸಮಭಾಗವಾಗಿ ಕೂಡಿಸಿದರೆ ಏನಾದೀತು? ಬೀಟ್ ಗೆಡ್ಡೆಯಿಂದ ಸಕ್ಕರೆ ತೆಗೆದು ಹೆಸರಾದ ಬರ್ಲಿನ್ನಿನ ಆಖಾರ್ಟ್ ಎಂಬಾತನು ಇದನ್ನು ಮಾಡಿನೋಡಿ 1788ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ಆದರೆ ಅದು ಮರೆತುಹೋಯಿತು. 2003ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಎಸ್. ರಂಗನಾಥನ್ ಅವರು ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಇಂತಹ ಬಹುಲೋಹ ಮಿಶ್ರಣಗಳ ಕಡೆಗೆ ವಿದ್ವಾಂಸರ ಗಮನವನ್ನು ಸೆಳೆದರು. ಮರುವರ್ಷ ತೈವಾನಿನ ಯೆ ಮತ್ತು ಇಂಗ್ಲೆಂಡಿನ ಕ್ಯಾಂಟರ್ ಇವರಿಬ್ಬರೂ ಬೇರೆಬೇರೆಯಾಗಿ ತಮ್ಮ ಫಲಿತಾಂಶಗಳನ್ನು ಪ್ರಕಟಿಸಿದರು. ಕ್ಯಾಂಟರರು ಕೂಡಿಸಿದವು ಕ್ರೋಮಿಯಂ, ಮ್ಯಾಂಗನೀಸ್, ಕಬ್ಬಿಣ, ಕೋಬಾಲ್ಟ್, ನಿಕ್ಕಲ್. ಪರಮಾಣುಗಳ ಎಣಿಕೆಯಲ್ಲಿ ಐದೂ ಸಮಸಮ. ಹತ್ತಾರು ಬಗೆಯ ಪೆಡಸು ಸಂಯುಕ್ತಗಳು ಹುಟ್ಟುವುವೆಂದು ನಿರೀಕ್ಷಿಸಬಹುದಾಗಿದ್ದಲ್ಲಿ, ಐದೂ ಒಂದೇ ಬಗೆಯ ಹರಳಿನಲ್ಲಿ ಸೇರಿಕೊಂಡವು. ಪಂಕ್ತಿಯಲ್ಲಿ ಐದು ಮನೆತನದವರು ಸಮಸಂಖ್ಯೆಯಲ್ಲಿದ್ದರೆ ಅವರನ್ನು ಕೂರಿಸುವ ಕ್ರಮಗಳು ಅತ್ಯಧಿಕವಷ್ಟೆ. ಅಂತಹ ಕ್ರಮಬಾಹುಳ್ಯದ ಅಳತೆಗೇ ಎಂಟ್ರೊಪಿ ಎಂದು ಹೆಸರು. ಅದು ಹೆಚ್ಚಿದಷ್ಟೂ, ವಿಶೇಷವಾಗಿ ಕಾವಿನಲ್ಲಿ, ಬೆರೆತಿರುವುದೇ ಲೋಹಗಳಿಗೆ ಅನುಕೂಲ. ಆದುದರಿಂದ ಇವು ಉನ್ನತ ಎಂಟ್ರೊಪಿಯ ಮಿಶ್ರಲೋಹಗಳೆನಿಸಿದವು. ಯಾವ ಐದನ್ನು ಕೂಡಿಸಿದರೂ ಹೀಗಾಗುವುದೆಂದು ಮಾತ್ರ ತಿಳಿಯಬಾರದು.

ಇನ್ನು ಬಲದ ವಿಚಾರ. ದೊಡ್ಡ ಜಮಖಾನೆಯನ್ನು ಒಮ್ಮೆಲೇ ಎಳೆಯುವುದು ಕಷ್ಟ. ಒಂದು ತುದಿಯಲ್ಲಿ ಸುಕ್ಕು ಮಾಡಿ ಆ ಸುಕ್ಕನ್ನು ಮುಂದಕ್ಕೆ ತಳ್ಳಿದರೆ ಜಮಖಾನೆಯು ಸುಲಭವಾಗಿ ಸರಿಯುವುದು. ಲೋಹವು ಬಾಗುವುದೂ ಹೀಗೆಯೇ, ಒಳಗಿನ ಇಂತಹ ಸುಕ್ಕುಗಳು ಹರಿದಾಡುವುದರಿಂದ. ಅವನ್ನು ತಡೆದರೆ ಲೋಹವು ಬಲಿಯುವುದು. ಐದು ಗಾತ್ರದ ಪರಮಾಣುಗಳ ನೆಲವು ಕೊಂಚ ಉಬ್ಬುತಗ್ಗಾದುದರಿಂದ ಸ್ವಲ್ಪ ತಡೆಯುಂಟು. ಆದರೂ ಎರಕ ಹೊಯ್ದ ಕ್ಯಾಂಟರ್ ಲೋಹವು ಸಾಧಾರಣ ಉಷ್ಣತೆಯಲ್ಲಿ ಮೆತ್ತಗೇ ಇರುವುದು. ಅದರ ಹಿರಿಮೆ ಬೇರೆ ಕಡೆಯಲ್ಲಿದೆ: ಸಾಮಾನ್ಯ ಉಕ್ಕು ಗಾಜಿನಂತೆ ಒಡೆಯುವ ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಚಳಿಯಲ್ಲಿ ಅದು ಹೆಚ್ಚು ಗಟ್ಟಿಯಾಗಿಯೂ ಒಡೆಯದೆಯೂ ನಿಲ್ಲುವುದೆಂದು 2014ರಲ್ಲಿ ಪ್ರಕಟವಾಯಿತು.

ಬಲಪಡಿಸುವ ದೊಡ್ಡ ಉಪಾಯವು ಕಣಗಳದ್ದು. ಅನೇಕರ ಕೈ ಸವರಿದ ಹಳೆಯ ಹಿತ್ತಾಳೆಯ ಬಾಗಿಲಹಿಡಿಯಲ್ಲಿ ಕೆಲವೊಮ್ಮೆ ಸಣ್ಣ ಸಣ್ಣ ಮಚ್ಚೆಗಳು ಕಾಣುವುವು. ಅವೇ ಲೋಹದ ಕಣಗಳು. ಒಂದು ಕಣದ ಸುಕ್ಕು ಮತ್ತೊಂದರ ಗಡಿಯನ್ನು ಸುಲಭವಾಗಿ ದಾಟಲಾರದು. ಕಣವು ಕಿರಿದಾದಷ್ಟೂ ಗಡಿಗಳು ಹೆಚ್ಚು. ಹಾಲ್ ಮತ್ತು ಪೆಚ್ ಎಂಬವರು 1950ರ ದಶಕದ ಮೊದಲಲ್ಲಿ ಕಂಡ ನಿಯಮದಂತೆ, ಕಣದ ಅಡ್ಡಳತೆ ಕಾಲುಭಾಗವಾದರೆ ಗಡಿಗಳಿಂದ ಬರುವ ಬಲವು ಇಮ್ಮಡಿಯಾಗುವುದು; ನೂರರಲ್ಲೊಂದಾದರೆ ಹತ್ತುಮಡಿ.

ಅಷ್ಟು ಕಿರಿದು ಮಾಡುವುದು ಎರಕದಿಂದ ಸಾಧ್ಯವಿಲ್ಲ, ಪುಡಿಯಿಂದ ಸಾಧ್ಯ. ಲೋಹಗಳ ಪುಡಿಯನ್ನು ಗಟ್ಟಿ ಗುಂಡುಗಳೊಡನೆ ಪಾತ್ರೆಯಲ್ಲಿಟ್ಟು ಗಂಟೆಗಟ್ಟಲೆ ತಿರುಗಿಸುವರು. ಚಿರೋಟಿಯ ಕಣಕವನ್ನು ಮಡಿಸಿ ಲಟ್ಟಿಸಿದಂತೆ, ಪುಡಿಯು ಚಪ್ಪಟೆಯಾಗಿ, ಒಂದಕ್ಕೊಂದು ಬೆಸೆದು, ಮುರಿದು, ಮತ್ತೆ ಬೆಸೆಯುವುದು. ಪದರಗಳು ತೆಳುವಾಗುತ್ತ ಕೊನೆಗೆ ಪರಮಾಣುಗಳೇ ಬೆರೆಯುವುವು. ಲೋಹವನ್ನು ಕರಗಿಸಬೇಕಾಗಿಯೇ ಇಲ್ಲ! ಮದರಾಸಿನ ಐ.ಐ.ಟಿ.ಯಲ್ಲಿ ಪ್ರೊಫೆಸರ್ ಮೂರ್ತಿಯವರೂ ಸಂಗಡಿಗರೂ ಅಲ್ಯೂಮಿನಿಯಂ, ಕಬ್ಬಿಣ, ಟೈಟೇನಿಯಂ, ಕ್ರೋಮಿಯಂ, ಸತು, ತಾಮ್ರ ಇವನ್ನು ಹೀಗೆಯೇ ಕೂಡಿಸಿ 2008ರಲ್ಲಿ ವರದಿಮಾಡಿದರು. ಇಂತಹ ಪುಡಿಯೊಳಗಿನ ಕಣಗಳು ಹತ್ತಿಪ್ಪತ್ತು ನ್ಯಾನೋಮೀಟರಿನವು; ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲೇ ನ್ಯಾನೋಮೀಟರು. ಈ ಪುಡಿಯನ್ನು ಕುಲುಮೆಯಲ್ಲಿ ಬಹುಹೊತ್ತು ಕಾಯಿಸಿದರೆ ಕಣಗಳು ಬೆಳೆದು ಶ್ರಮವೆಲ್ಲ ವ್ಯರ್ಥವಾದೀತು. ಆದುದರಿಂದ ಗ್ರಾಫೈಟಿನ ಅಚ್ಚಿನಲ್ಲಿ ಒತ್ತಿ, ವಿದ್ಯುತ್ತನ್ನು ಮಿಡಿಮಿಡಿಯಾಗಿ ಹಾಯಿಸಿ, ಕೆಲವೇ ನಿಮಿಷಗಳಲ್ಲಿ ಗಟ್ಟಿಮಾಡುವರು.

ಇಲ್ಲಿಯೇ ಒಂದು ತೊಡಕುಂಟು. ಗುಂಡುಗಳೂ ಪಾತ್ರೆಯೂ ಸವೆದು ಪುಡಿಯಲ್ಲಿ ಸೇರುವುವು. ಪುಡಿಯು ಅಂಟದಿರಲೆಂದು ಹಾಕುವ ಟೊಲ್ಯೂಯಿನ್ ದ್ರವವು ಇಂಗಾಲವನ್ನು ಬಿಟ್ಟುಕೊಡುವುದು; ಕ್ರೋಮಿಯಂ ಅದನ್ನು ಹಿಡಿದು ಕಾರ್ಬೈಡಾಗುವುದು. ಗಾಳಿಯಿಂದ ಆಕ್ಸೈಡುಗಳೂ ಬರುವುವು. ಈ ಕರೆಯದ ಅತಿಥಿಗಳು ಕಣಗಳ ಗಡಿಯಲ್ಲಿ ಕುಳಿತು ಕಣಗಳನ್ನು ಬೆಳೆಯಗೊಡದೆ ಬಲವನ್ನೇ ಹೆಚ್ಚಿಸುವುದೂ ಉಂಟು. ಹಾಗಾದರೆ ಕೀರ್ತಿಯು ಯಾರಿಗೆ ಸಲ್ಲಬೇಕು? ಪುಡಿಯಿಂದಾದ ಈ ಲೋಹಗಳ ಬಲದಲ್ಲಿ ದೊಡ್ಡ ಪಾಲು ಕಿರುಗಣಗಳದ್ದೂ ಈ ಅತಿಥಿಗಳದ್ದೂ ಆಗಿರುವಾಗ, ಎಲ್ಲವನ್ನೂ ಎಂಟ್ರೊಪಿಯ ಖಾತೆಗೆ ಬರೆಯುವುದು ನನ್ನ ಅಭಿಪ್ರಾಯದಲ್ಲಿ ನ್ಯಾಯವಲ್ಲ. ಇನ್ನೊಂದು ಮಾತು. ಹೊಗಳಿಕೆಗೆ ಪಾತ್ರವಾದ ಅನೇಕ ಬಲದ ಅಂಕಿಗಳು ಸಣ್ಣ ತುಂಡುಗಳನ್ನು ಒತ್ತಿ ನೋಡಿ ಪಡೆದವು. ಒತ್ತುವಾಗ ಒಳಗಿನ ಸೂಕ್ಷ್ಮ ರಂಧ್ರಗಳು ಮುಚ್ಚಿಕೊಳ್ಳುವುವು. ಎಳೆಯುವಾಗ ಅವೇ ಬಾಯಿ ತೆರೆದು ಲೋಹವು ಬೇಗನೆ ಮುರಿಯಬಹುದು. ಆದುದರಿಂದ ಇಂತಹ ಲೋಹದ ವರ್ಣನೆಯನ್ನು ಓದುವವರು, ಅದನ್ನು ಒತ್ತಿ ನೋಡಿದರೋ ಎಳೆದು ನೋಡಿದರೋ ಎಂಬುದನ್ನು ಮೊದಲು ವಿಚಾರಿಸತಕ್ಕದ್ದು.