ಹಿತವನ್ನು ಬಯಸಿ ಸುಳ್ಳನ್ನು ಹಂಚುವುದೇಕೆ?

2017ರ ಫೆಬ್ರವರಿಯಲ್ಲಿ ದಡಾರ ಮತ್ತು ರುಬೆಲ್ಲಾ ರೋಗಗಳ ವಿರುದ್ಧ ಲಸಿಕೆ ಹಾಕುವ ಮಹಾಕಾರ್ಯವು ನಮ್ಮ ಕರ್ನಾಟಕದಲ್ಲಿಯೂ ಮೊದಲಾಯಿತು. ಲಸಿಕೆಯಿಂದ ಮಕ್ಕಳಿಗೆ ಕೇಡಾಗುವುದೆಂಬ ಸುಳ್ಳು ಸುದ್ದಿಯೂ ವಾಟ್ಸ್ಆ್ಯಪ್‌ನಲ್ಲಿ ಅದರ ಬೆನ್ನಿಗೇ ಹೊರಟಿತು. ಲಸಿಕೆ ಬೇಡವೆಂದು ಹಿಂಜರಿದ ತಾಯಿತಂದೆಗಳೂ ಉಂಟು. ಆ ಸುದ್ದಿಯನ್ನು ಮುಂದಕ್ಕೆ ಕಳುಹಿಸಿದವರೆಲ್ಲ ಮಕ್ಕಳ ಶತ್ರುಗಳೇ? ಖಂಡಿತ ಅಲ್ಲ. ನೆಂಟರಿಷ್ಟರ ಮಕ್ಕಳು ಸುಖವಾಗಿರಲೆಂದು ಕಳುಹಿಸಿದವರೇ ಅವರಲ್ಲಿ ಹೆಚ್ಚೆಂದು ನಾವು ನಂಬುತ್ತೇವೆ. ಹಾಗಾದರೆ ಹಿತವನ್ನು ಬಯಸುವವರು ಅಹಿತವನ್ನು ಹಂಚುವುದೇಕೆ?

ಮೊದಲನೆಯ ಕಾರಣ ಭಯ. ಕಾಡಿನ ಅಂಚಿನಲ್ಲಿ ವಾಸಿಸುವವರಿಗೆ ‘ಹುಲಿ ಬಂತು’ ಎಂಬ ಕೂಗು ಹತ್ತು ಸಲ ಸುಳ್ಳಾದರೂ ನಷ್ಟ ಅಲ್ಪವೇ. ನಿಜವಾದ ಕೂಗನ್ನು ಒಮ್ಮೆ ಅಲಕ್ಷಿಸಿದರೆ ಪ್ರಾಣಕ್ಕೇ ಸಂಚಕಾರ. ಆದುದರಿಂದಲೇ ರೋಗದ ಮಾತು ಬಂದೊಡನೆ, ‘ಇದ್ದರೂ ಇರಬಹುದು, ತಿಳಿಸಿಬಿಡೋಣ’ ಎಂದು ನಮ್ಮ ಮನಸ್ಸು ಅವಸರಪಡುತ್ತದೆ.

ಎರಡನೆಯದು ಪುನರಾವೃತ್ತಿ. ಹ್ಯಾಷರ್, ಗೋಲ್ಡ್‌ಸ್ಟೈನ್ ಮತ್ತು ಟೊಪಿನೊ ಎಂಬ ಅಮೆರಿಕದ ಮನೋವಿಜ್ಞಾನಿಗಳು 1977ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಎರಡೆರಡು ವಾರಗಳ ಅಂತರದಲ್ಲಿ ಮೂರು ಸಲ ಹಲವು ಹೇಳಿಕೆಗಳನ್ನು ಕೇಳಿಸಲಾಯಿತು. ಮತ್ತೆ ಮತ್ತೆ ಕೇಳಿದ ಹೇಳಿಕೆಯು ಸುಳ್ಳಾಗಿದ್ದರೂ ಅವರಿಗೆ ಹೆಚ್ಚು ಹೆಚ್ಚು ನಿಜವೆಂದು ತೋರಿತು. ಒಂದೇ ಮದ್ದಿನ ಸುದ್ದಿ ನಾಲ್ವರಿಂದ ಬಂದರೆ ನಾವು ಅದನ್ನು ನಾಲ್ಕು ಸಾಕ್ಷಿಗಳೆಂದೇ ಎಣಿಸುತ್ತೇವೆ. ನಾಲ್ವರಿಗೂ ಅದು ಬಂದ ಮೂಲ ಒಂದೇ ಎಂಬುದನ್ನು ಮರೆಯುತ್ತೇವೆ.

ಮೂರನೆಯದು ಎಲ್ಲಕ್ಕಿಂತ ವಿಸ್ಮಯಕರವಾದುದು. 2020ರಲ್ಲಿ ಪೆನಿಕುಕ್ ಮತ್ತು ಸಂಗಡಿಗರು ಕೋವಿಡ್ ರೋಗದ ಸುದ್ದಿಗಳನ್ನು ಜನರಿಗೆ ತೋರಿಸಿ, ಕೆಲವರನ್ನು ‘ಇದು ನಿಜವೇ?’ ಎಂದೂ ಉಳಿದವರನ್ನು ‘ಇದನ್ನು ಹಂಚುವಿರಾ?’ ಎಂದೂ ಕೇಳಿದರು. ನಿಜವೇ ಎಂದು ಕೇಳಿದಾಗ ಜನ ಸತ್ಯಾಸತ್ಯಗಳನ್ನು ಬೇರ್ಪಡಿಸಬಲ್ಲವರಾಗಿದ್ದರು. ಹಂಚುವ ಮಾತು ಬಂದಾಗ ಆ ವಿವೇಚನೆ ಬಹಳಮಟ್ಟಿಗೆ ಮರೆಯಾಯಿತು. ಬುದ್ಧಿಯಿದ್ದರೂ ಅದನ್ನು ಬಳಸುವ ಎಚ್ಚರವಿರಲಿಲ್ಲವೆಂದಾಯಿತು. ಮೊದಲಿಗೆ ಬೇರೊಂದು ಸುದ್ದಿಯ ನಿಜವನ್ನು ತೂಗಿನೋಡಿರೆಂದು ಹೇಳಿದಷ್ಟಕ್ಕೇ ಹಂಚುವಿಕೆಯಲ್ಲಿನ ವಿವೇಚನೆ ಸುಮಾರು ಮೂರು ಪಟ್ಟಾಯಿತು!

ಇದು ಬರಿಯ ಕುತೂಹಲದ ಸಂಗತಿಯಲ್ಲ. ಅದೇ 2020ರಲ್ಲಿ, ಮದ್ಯವು ಕೋವಿಡನ್ನು ತಡೆಯುವುದೆಂಬ ವದಂತಿ ಹಬ್ಬಿದ ಇರಾನಿನಲ್ಲಿ ವಿಷಕಾರಿ ಮೆಥನಾಲ್ ಕುಡಿದು ನೂರಾರು ಜನ ಮಡಿದರು.

ಹಾಗೆಂದು ಸುಳ್ಳು ಸುದ್ದಿಯನ್ನು ಕಳುಹಿಸಿದ ಅತ್ತೆಯವರನ್ನೋ ಸೋದರಮಾವನನ್ನೋ ಮೂದಲಿಸಿ ಫಲವಿಲ್ಲ. ಅದರ ಹಿಂದಿರುವುದು ಅಕ್ಕರೆಯೇ. ಅಕ್ಕರೆಯನ್ನು ಉಳಿಸಿಕೊಂಡು ಸುಳ್ಳನ್ನು ಮಾತ್ರ ಬಿಡಿಸಬೇಕು. ವಾಚಕರು ಮುಂದಿನ ಸಲ ಬೆರಳನ್ನು ಒತ್ತುವ ಮೊದಲು ‘ಇದು ನಿಜವೇ?’ ಎಂದು ತಮ್ಮನ್ನು ತಾವೇ ಒಮ್ಮೆ ಕೇಳಿಕೊಳ್ಳಲಿ. ಮನೆಯವರಿಗೆ ಕೊಡುವ ನೀರನ್ನು ಸೋಸುವ ನಾವು, ಅವರಿಗೆ ಹೇಳುವ ಮಾತನ್ನೂ ಸೋಸಬೇಡವೇ?