ಉಸಿರೆಳೆದುಕೊಂಡು ಹಾಡುವ ಅಮೆರಿಕದ ಕಾಲುಪೇಟಿ

ಭಜನೆ ಮನೆಯಲ್ಲಿ, ನಾಟಕದ ರಂಗದ ಬದಿಯಲ್ಲಿ ಹಾರ್ಮೋನಿಯಂ ಪೇಟಿ ಕಾಣದವರು ಗಡಿನಾಡಿನಲ್ಲಿ ವಿರಳ. ಅದರ ಹತ್ತಿರದ ನೆಂಟ ಅಮೆರಿಕದ ರೀಡ್ ಆರ್ಗನ್. ಎರಡೂ ಕಾಲಿನಿಂದ ತುಳಿದು ನುಡಿಸುವ, ಬೀರುವಿನಂತೆ ಕಾಣುವ ಮರದ ವಾದ್ಯವಿದು. ವರ್ಮಾಂಟ್ ರಾಜ್ಯದ ಬ್ರಾಟಲ್‌ಬರೊ ಪಟ್ಟಣದಲ್ಲಿರುವ ಎಸ್ಟೀ ಆರ್ಗನ್ ಮ್ಯೂಸಿಯಂ ಇಂತಹ ಹಳೆಯ ವಾದ್ಯಗಳನ್ನು ಕಾಪಾಡಿಕೊಂಡು ಬಂದಿದೆ.

ಕೊಳಾಯಿ ಕೆಲಸದವನ ಕಾರ್ಖಾನೆ

ಜೇಕಬ್ ಎಸ್ಟೀ ಸಂಗೀತಗಾರನಲ್ಲ, ಕೊಳಾಯಿ ಕೆಲಸದವನು. ತನ್ನ ಕಟ್ಟಡದಲ್ಲಿ ಬಾಡಿಗೆಗಿದ್ದ ಚಿಕ್ಕ ವಾದ್ಯ ತಯಾರಿಕೆಯ ಉದ್ಯಮದಲ್ಲಿ 1850ರ ದಶಕದಲ್ಲಿ ಪಾಲುದಾರನಾದ. ಕಾರ್ಖಾನೆಗೆ ಬೆಂಕಿ ಬಿತ್ತು, ನೆರೆಯೂ ಬಂತು. ಬಳಿಕ ಎತ್ತರದ ಜಾಗದಲ್ಲಿ ಹೊಸ ಕಟ್ಟಡಗಳು ಎದ್ದವು. ಬೆಂಕಿ ತಾಗದಿರಲೆಂದು ಅವುಗಳ ಗೋಡೆಗೆ ತೆಳುವಾದ ಕಲ್ಲಿನ ಬಿಲ್ಲೆಗಳನ್ನು ಹೊದಿಸಲಾಯಿತು. ಕಂಪನಿ ತಯಾರಿಸಿದ ರೀಡ್ ಆರ್ಗನ್‌ಗಳ ಸಂಖ್ಯೆ 5 ಲಕ್ಷಕ್ಕೂ ಹೆಚ್ಚು. 1960ರಲ್ಲಿ ಅಲ್ಲಿನ ಕೆಲಸ ನಿಂತಿತು. ಆ ಕಾರ್ಖಾನೆಯ ಎಂಜಿನ್ ಮನೆಯೇ ಈಗ ಮ್ಯೂಸಿಯಂ.

ವ್ಯತ್ಯಾಸ ಎಲ್ಲಿದೆ?

ಮೌತ್ ಆರ್ಗನ್ ಬಾಯಿಗಿಟ್ಟವರಿಗೆ ಗೊತ್ತು: ಊದಿದರೂ ಸ್ವರ ಬರುತ್ತದೆ, ಉಸಿರು ಒಳಗೆಳೆದರೂ ಬರುತ್ತದೆ. ನಮ್ಮ ಪೇಟಿ ಊದುವ ಜಾತಿಯದು. ತಿದಿ ಒತ್ತಿದಾಗ ಗಾಳಿ ಹಿತ್ತಾಳೆಯ ರೀಡುಗಳ ಮೂಲಕ ಹೊರಗೆ ನುಗ್ಗುತ್ತದೆ. ಅಮೆರಿಕದ ಆರ್ಗನ್ ಒಳಗೆಳೆಯುವ ಜಾತಿಯದು. ಪೆಡಲ್ ತುಳಿದಾಗ ಪೆಟ್ಟಿಗೆಯೊಳಗಿನ ಗಾಳಿ ಖಾಲಿಯಾಗುತ್ತದೆ. ಕೀ ಒತ್ತಿದೊಡನೆ ಹೊರಗಿನ ಗಾಳಿ ರೀಡಿನ ನಾಲಿಗೆಯನ್ನು ನಡುಗಿಸುತ್ತ ಒಳಸೇರುತ್ತದೆ. ಅದರ ನಾದ ಮೆತ್ತಗಿರುತ್ತದೆ. ಬಾಸ್ಟನ್‌ನ ಎಮನ್ಸ್ ಹ್ಯಾಮ್ಲಿನ್ ರೀಡಿನ ನಾಲಿಗೆಯನ್ನು ತುಸು ತಿರುಚಿ ನಾದ ತಿದ್ದುವ ವಿದ್ಯೆ ಕಂಡುಕೊಂಡಿದ್ದರು. ಅವರು ಹೆನ್ರಿ ಮೇಸನ್ ಜೊತೆಗೂಡಿ 1854ರಲ್ಲಿ ಮೇಸನ್ ಅಂಡ್ ಹ್ಯಾಮ್ಲಿನ್ ಕಂಪನಿ ಸ್ಥಾಪಿಸಿದರು.

ಕೀಗಳ ಮೇಲಿರುವ ಗುಂಡಿಗಳನ್ನು ಎಳೆದರೆ ಬೇರೆ ಬೇರೆ ಸಾಲಿನ ರೀಡುಗಳು ತೆರೆಯುತ್ತವೆ. ಮೊಣಕಾಲಿನಿಂದ ತಳ್ಳುವ ಹಲಗೆ ಧ್ವನಿಯನ್ನು ಏರಿಸುತ್ತದೆ. 'ವೋಕ್ಸ್ ಹ್ಯುಮಾನ' ಎಂಬ ಗುಂಡಿ ಎಳೆದರೆ ಒಳಗೆ ಪುಟ್ಟ ರೆಕ್ಕೆ ತಿರುಗಿ ಸ್ವರ ಅಲುಗಾಡುತ್ತದೆ. ಕೆಲವು ಆರ್ಗನ್‌ಗಳ ಪೆಡಲ್ ಬಳಿ ಇಲಿ ನುಗ್ಗದಂತೆ ತಡೆಯನ್ನೂ ಇಟ್ಟಿದ್ದಾರೆ.

ನಮ್ಮ ಕಡೆಗೂ ಬಂತು

ಇಂತಹ ಆರ್ಗನ್‌ಗಳು ಚರ್ಚುಗಳ ಮೂಲಕ ಭಾರತಕ್ಕೂ ಬಂದವು. ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದವರಿಗೆ ಮರಾಠಿ ನಾಟ್ಯಸಂಗೀತ ಹೊಸದಲ್ಲ. ಬಾಲಗಂಧರ್ವರ ಹಾಡಿಗೆ ಆರ್ಗನ್ ಜೊತೆಯಾಗಿತ್ತು. ಕನ್ನಡ ಕಂಪನಿ ನಾಟಕಗಳ ಲೆಗ್ ಹಾರ್ಮೋನಿಯಂ ಕೂಡ ಕಾಲಿನಿಂದ ತುಳಿಯುವಂಥದ್ದೇ. ಆದರೆ ಎಲ್ಲ ಕಾಲುಪೇಟಿಗಳೂ ಗಾಳಿ ಒಳಗೆಳೆಯುವ ಬಗೆಯವಲ್ಲ. ಕೈಯಿಂದ ತಿದಿ ಒತ್ತುವ ಹಾರ್ಮೋನಿಯಂ ಮಾಡಿದ ಹೆಸರು 1875ರ ಸುಮಾರಿಗೆ ಕಲ್ಕತ್ತೆಯ ದ್ವಾರಕಾನಾಥ ಘೋಷರಿಗೆ ಸಲ್ಲುತ್ತದೆ. ನೆಲದ ಮೇಲೆ ಕುಳಿತು ನುಡಿಸಲು ಅದೇ ಅನುಕೂಲವಾಯಿತು.

ಮುಂದೆ ಪಿಯಾನೊ, ಗ್ರಾಮಫೋನ್, ರೇಡಿಯೊ ಬಂದಂತೆ ಅಮೆರಿಕದ ಮನೆಗಳಲ್ಲೂ ಆರ್ಗನ್ ಮೂಲೆ ಸೇರಿತು. ಎಷ್ಟೋ ಆರ್ಗನ್‌ಗಳ ಒಳಭಾಗ ಕಿತ್ತೆಸೆದು ಅವನ್ನು ಬರೆಯುವ ಮೇಜು ಮಾಡಿಕೊಂಡರು.

ಮೂಕವಾದರೂ ಸತ್ತಿಲ್ಲ

ಹಳೆಯ ಆರ್ಗನ್ ಮೂಕವಾದರೆ ಅದು ಕೆಟ್ಟೇಹೋಯಿತು ಎನ್ನುವಂತಿಲ್ಲ. ಹಿತ್ತಾಳೆ ರೀಡು ನೂರು ವರ್ಷ ಕಳೆದರೂ ಸಾಮಾನ್ಯವಾಗಿ ಗಟ್ಟಿಯಾಗಿರುತ್ತದೆ. ಹರಿಯುವುದು ತಿದಿಯ ಬಟ್ಟೆ, ಒಣಗುವುದು ಚರ್ಮ, ಕಟ್ಟಿಕೊಳ್ಳುವುದು ಧೂಳು. ಇವನ್ನು ಬದಲಿಸಬಹುದು, ಶುಚಿ ಮಾಡಬಹುದು. ರೀಡನ್ನು ಕೆರೆದರೆ ಮಾತ್ರ ಶ್ರುತಿ ಕೆಡುತ್ತದೆ. ಒಳಗಿನ ಕ್ರಮಸಂಖ್ಯೆ ನೋಡಿ ಎಸ್ಟೀ ಆರ್ಗನ್ ಯಾವ ಕಾಲದ್ದೆಂದು ತಿಳಿಯಬಹುದು.

ಊರಿನ ಹಳೆಯ ಚರ್ಚು, ಶಾಲೆ ಅಥವಾ ನಾಟಕ ಮಂಡಳಿಯ ಅಟ್ಟದಲ್ಲಿ ಇಂತಹ ಪೆಟ್ಟಿಗೆ ಬಿದ್ದಿದ್ದರೆ ಗುಜರಿಗೆ ಹಾಕುವ ಮುನ್ನ ಪೇಟಿ ರಿಪೇರಿ ಬಲ್ಲವರಿಗೆ ಒಮ್ಮೆ ತೋರಿಸುವುದು ಲೇಸು. ಮರವನ್ನು ಯಾರಾದರೂ ಕೊಂಡಾರು, ಆದರೆ ಅದರೊಳಗಿನ ಸ್ವರ ಒಮ್ಮೆ ಹೋದರೆ ಮರಳಿ ಬಾರದು.