ಹೊಂಡದ ಮೀನು ಹೊಂಡದಲ್ಲೇ ಉಳಿಯುವುದಿಲ್ಲ

ಲಿಂಗಸುಗೂರಿನ ಜಲದುರ್ಗದ ಬಳಿ ಕೃಷ್ಣೆ, ಸಿಂಧನೂರಿನ ಅಂಚಿನಲ್ಲಿ ತುಂಗಭದ್ರೆ. ಎರಡೂ ಹೊಳೆಗಳ ಹಳೆಯ ನಿವಾಸಿ ಬಾಳೆ ಮೀನು. ಹುರುಪೆಯಿಲ್ಲದ ನುಣುಪು ಮೈ, ಕಣ್ಣನ್ನೂ ದಾಟಿ ಸೀಳಿದ ಬಾಯಿ, ಎರಡು ಜೊತೆ ಮೀಸೆ, ಹೊಟ್ಟೆಯಡಿಯಿಂದ ಬಾಲದವರೆಗೂ ಹಬ್ಬಿದ ಈಜುರೆಕ್ಕೆ. ಮುಂಗಾರಿನ ಹೊಸ ನೀರು ಬಂದರೆ ಮೊಟ್ಟೆಯಿಡಲು ತೆಳುನೀರು ಹುಡುಕಿ ಹೊರಡುತ್ತದೆ. ಆ ದಾರಿಗೆ ಅಣೆಕಟ್ಟುಗಳು ಅಡ್ಡ ಬಂದವು; ಮೊಟ್ಟೆ ಹೊತ್ತ ಮೀನನ್ನೂ ಬಲೆ ಬಿಡಲಿಲ್ಲ. ಒಂದು ಕಾಲಕ್ಕೆ ಎಲ್ಲೆಡೆ ಸಿಗುತ್ತಿದ್ದ ಈ ಮೀನು ಇಂದು ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿದೆ.

ಇದರ ಮೇಲೆ ಹೊರಗಿನವನ ಕಾಟ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದೆ. ಆದರೂ ಕದ್ದುಮುಚ್ಚಿ ಸಾಕುವುದು ನಿಂತಿಲ್ಲ. ಕೋಳಿ ಅಂಗಡಿಯ ತ್ಯಾಜ್ಯ ತಿಂದು ಬೇಗ ಕೊಬ್ಬುವ ಮೀನಿಗೆ ಖರ್ಚು ಕಡಿಮೆ, ಲಾಭ ಜಾಸ್ತಿ. ಕಿವಿರಿನ ಜೊತೆಗೆ ಗಾಳಿ ಉಸಿರಾಡುವ ಅಂಗವೂ ಇರುವುದರಿಂದ ಕೊಳೆತ ನೀರಲ್ಲೂ ಬದುಕುತ್ತದೆ, ಒದ್ದೆ ನೆಲದ ಮೇಲೆ ತೆವಳಿ ಮುಂದಿನ ನೀರಿಗೂ ಸೇರುತ್ತದೆ. ಸಿಕ್ಕ ಮರಿ, ಮೊಟ್ಟೆ, ಕಪ್ಪೆ ಯಾವುದನ್ನೂ ಬಿಡುವುದಿಲ್ಲ.

ಈ ಸೀಮೆಯಲ್ಲಿ ಅದಕ್ಕೆ ದಾರಿ ಹುಡುಕುವ ಕಷ್ಟವೂ ಇಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಸಿಂಧನೂರಿನ ಭತ್ತದ ಗದ್ದೆಗೆ ಹರಿಯುತ್ತದೆ, ಬಸಿದದ್ದು ಹಳ್ಳ ಸೇರಿ ಹೊಳೆಗೆ ಇಳಿಯುತ್ತದೆ. ಮಸ್ಕಿ ಕಡೆ ಮಳೆ ಜೋರಾಗಿ ಹಳ್ಳ ತುಂಬಿದ ದಿನ ಪಕ್ಕದ ಹೊಂಡದ ಒಡ್ಡು ಒಡೆದರೆ ಸಾಕು.

ಹೊರಗಿನ ಮೀನು ಸೇರಿದ ಕೊಲಂಬಿಯಾದ ಟೋಟಾ ಸರೋವರಕ್ಕೂ ಪೆಟ್ಟು ಬಿತ್ತು. ಮೂರು ಸಾವಿರ ಮೀಟರ್ ಎತ್ತರದ ಆ ಒಂದೇ ಸರೋವರದಲ್ಲಿ, ಮೈಸುತ್ತ ಕೊಬ್ಬಿನ ಬಳೆ ತೊಟ್ಟಂಥ ಪುಟ್ಟ ಮೀಸೆಮೀನು ಇತ್ತು. 1942ರಲ್ಲಿ ಅದಕ್ಕೆ ವೈಜ್ಞಾನಿಕ ಹೆಸರಿಟ್ಟರು; 1957ರ ನಂತರ ಯಾರ ಬಲೆಗೂ ಬಿದ್ದಿಲ್ಲ. 1930ರ ದಶಕದಲ್ಲಿ ತಂದುಬಿಟ್ಟ ಟ್ರೌಟ್ ಮೀನಿನ ಮೇಲೆಯೇ ತಜ್ಞರಿಗೆ ಹೆಚ್ಚು ಅನುಮಾನ.

ಬಾಳೆ ಮೀನು ಒಂದೇ ಕೆರೆಯದ್ದಲ್ಲ, ಹಲವು ನದಿಗಳಲ್ಲಿದೆ. ಹಾಗಾಗಿ ನಮಗಿನ್ನೂ ಸಮಯವಿದೆ. ಆದರೆ ಹೊಳೆಗೆ ಇಳಿದ ಕ್ಯಾಟ್‌ಫಿಶ್‌ ಅನ್ನು ಹೆಕ್ಕಿ ತೆಗೆಯಲು ಯಾವ ಇಲಾಖೆಗೂ ಆಗದು. ತಡೆಯುವುದಿದ್ದರೆ ಮರಿ ಕೊಳ್ಳುವ ಹೊತ್ತಿನಲ್ಲೇ. ಕಾಟ್ಲಾ, ರೋಹು ಕೂಡ ಉತ್ತರದ ನದಿಗಳಿಂದ ಬಂದವೇ, ನಿಜ. ಆದರೆ ಅವು ಬೇಟೆಯಾಡುವ ಮೀನುಗಳಲ್ಲ, ಸಾಕಲು ಕಾನೂನಿನ ಅಡ್ಡಿಯೂ ಇಲ್ಲ. ನಾಲ್ಕು ಜೊತೆ ಮೀಸೆ, ಚಪ್ಪಟೆ ಗಟ್ಟಿ ತಲೆ, ಬೂದು ಮೈಮೇಲೆ ಮಚ್ಚೆಯಿರುವ ಮರಿಯನ್ನು ಅಗ್ಗಕ್ಕೆ ಕೊಡುತ್ತೇವೆಂದು ಯಾರಾದರೂ ಬಂದರೆ, ಒಲ್ಲೆ ಅನ್ನಬೇಕಾದವನು ಹೊಂಡದ ಮಾಲೀಕ.